ನೂರಕ್ಕೆ ನೂರು ಕೊಟ್ಟ ಅತ್ತೆ

“ಮನಸ್ಸು ಇಲ್ಲಿಲ್ಲ. ಐವತ್ತೆಂಟು,” ಅಂದಳು ಅತ್ತೆ.

ಅಂದದ್ದೇ ತಡ, ಪಾಲಾಕ್ಷಪ್ಪನ ಕೈಯಲ್ಲಿದ್ದ ಸ್ಪ್ಯಾನರ್ ಕಟಕ್ಕೆಂದು ಸಡಿಲವಾಯಿತು. ಹಿಡಿ ಗಿರಗಿರ ಸುತ್ತುತ್ತಿತ್ತೇ ಹೊರತು ನಟ್ಟು ಜಪ್ಪಯ್ಯ ಅಂದರೂ ತಿರುಗಲಿಲ್ಲ.

“ಇಲ್ಲೇ ಐತಲ್ಲ ತಾಯಿ, ಇನ್ನೆಲ್ಲಿಗೆ ಹೋಗ್ತೈತೆ?” ಎಂದು ಪಾಲಾಕ್ಷಪ್ಪ ಹಣೆಗೆ ಕಟ್ಟಿದ್ದ ಪಟ್ಟಿಯನ್ನು ಬೆರಳಿನಿಂದ ತಟ್ಟಿದ.

ಅದು ಶುದ್ಧ ಸುಳ್ಳು. ಅವನ ಮನಸ್ಸು ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲು ದಾಟಿ, ಗೇಟು ದಾಟಿ, ರಸ್ತೆಯಾಚೆಯ ಗಾಡಿಯಲ್ಲಿ ಕಾದ ಎಣ್ಣೆಗೆ ಬೀಳುತ್ತಿದ್ದ ಮೆಣಸಿನಕಾಯಿಯ ಮುಂದೆ ಹೋಗಿ ನಿಂತಿತ್ತು. ಸಂಜೆ ನಾಲ್ಕಕ್ಕೆ ಆ ಮಂಡಕ್ಕಿ ಮೆಣಸಿನಕಾಯಿ ಗಾಡಿ ಬಂತೆಂದರೆ ಸಾಕು, ಹ್ಯಾಂಗರಿನ ಆರೂ ಜನರ ಸ್ಪ್ಯಾನರುಗಳು ಒಟ್ಟಿಗೇ ಕಟಕ್ಕೆನ್ನುತ್ತಿದ್ದವು.

ಚಿಕ್ಕ ವಿಮಾನಗಳು ಖಾಸಗಿ ಬಸ್ಸುಗಳ ಹಾಗೆ ಊರಿಂದೂರಿಗೆ ಓಡಾಡತೊಡಗಿದ್ದ ಕಾಲ ಅದು. ದುರ್ಗದ ಸೀಮೆಯ ಹಿರೇಮಟ್ಟಿಯಲ್ಲಿ ಬೆಳಗಿನ ತಿಂಡಿ ತಿಂದು ಹೊರಟವರು ಅರ್ಧ ಗಂಟೆಯಲ್ಲಿ ಬಳ್ಳಾರಿಯಲ್ಲಿ ಇಳಿದು, ಕೆಲಸ ಮುಗಿಸಿ, ಮಧ್ಯಾಹ್ನದ ಮುದ್ದೆಗೆ ಮನೆಗೆ ವಾಪಸಾಗುತ್ತಿದ್ದರು. ಬಯಲುಸೀಮೆ ವಾಯುಸೇವೆ ಎಂಬ ಕಂಪನಿ ಯಾವುದೋ ದೇಶದವರು ಬಳಸಿ ಬಿಟ್ಟ ಮೂರು ವಿಮಾನಗಳನ್ನು ತಂದು, ಬಣ್ಣ ಹೊಡೆಸಿ, ಚಿನ್ನಕ್ಕ, ರನ್ನಕ್ಕ, ಹೊನ್ನಕ್ಕ ಎಂದು ಹೆಸರಿಟ್ಟು ಹಾರಿಸುತ್ತಿತ್ತು. ಹಾರಿದ್ದು ಇಳಿಯುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಇಳಿಯಬೇಕಾದ ಜಾಗದಲ್ಲೇ ಇಳಿಯುತ್ತದೆಂಬ ಭರವಸೆ ಮಾತ್ರ ಇರಲಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಹಾಕಲು ಯಾರೋ ಮರೆತು ರನ್ನಕ್ಕ ಶೇಂಗಾ ಹೊಲದಲ್ಲಿ ಇಳಿದಳು. ಇಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಒರೆಸುವ ಬಟ್ಟೆ ಬಿಟ್ಟಿದ್ದರಿಂದ ಹೊನ್ನಕ್ಕ ಒಬ್ಬರ ಕಣಕ್ಕೆ ನುಗ್ಗಿದಳು. ಎರಡೂ ಸೇರಿ ಸತ್ತದ್ದು ಒಂದು ಹುಲ್ಲಿನ ಬಣವೆ. ಆದರೆ ದೇವರು ಪ್ರತಿ ಸಲವೂ ಬಣವೆಯನ್ನೇ ತಂದು ಅಡ್ಡ ನಿಲ್ಲಿಸುವುದಿಲ್ಲವಲ್ಲ.

ತನಿಖೆಗೆ ಬಂದವಳು ಡಾಕ್ಟರ್ ವಾರಿಜಾ ಕೋಟ್ಯಾನ್. ಉಡುಪಿ ಕಡೆಯವಳು, ಮೂವತ್ತೆರಡರ ವಿಜ್ಞಾನಿ. ಅವಳ ಲೆಕ್ಕದಲ್ಲಿ ತಪ್ಪು ನಟ್ಟಿನದಲ್ಲ, ಬೋಲ್ಟಿನದಲ್ಲ. ಕೈ ಇಲ್ಲಿದ್ದು ಮನಸ್ಸು ಇನ್ನೆಲ್ಲೋ ಇರುವುದೇ ರೋಗದ ಮೂಲ. ಹಾಗಾದರೆ ಮನಸ್ಸಿಗೇ ಕಾವಲು ಹಾಕಿದರೆ? ಮೆದುಳಿನಲ್ಲಿ ಕೈಕೆಲಸದ ಮೇಲೆ ನಿಗಾ ಇಡುವ ಒಂದು ಜಾಗವಿದೆ, ಸುಮ್ಮನೆ ಅಲೆಯುವುದಕ್ಕೆಂದೇ ಇನ್ನೊಂದು ಜಾಗವಿದೆ. ಎರಡರಲ್ಲಿ ಯಾವುದರ ವಿದ್ಯುತ್ತು ಹೆಚ್ಚೆಂದು ಹಣೆಯ ಪಟ್ಟಿ ಅಳೆಯುತ್ತಿತ್ತು. ಕೈಯಲ್ಲಿ ಏನಿದೆಯೆಂದು ಪಟ್ಟಿಯಲ್ಲಿದ್ದ ಪುಟ್ಟ ಕ್ಯಾಮೆರಾ ನೋಡುತ್ತಿತ್ತು. ಎರಡನ್ನೂ ತಾಳೆ ಹಾಕಿ ನೂರಕ್ಕೆ ಇಷ್ಟು ಎಂದು ಅಂಕ. ಎಪ್ಪತ್ತಕ್ಕಿಂತ ಕಡಿಮೆ ಬಂದರೆ ಸ್ಪ್ಯಾನರ್ ತಾನಾಗಿ ಸಡಿಲವಾಗುತ್ತಿತ್ತು. ಯಂತ್ರಕ್ಕೆ ವಾರಿಜಾ ಸಂಸ್ಕೃತದಲ್ಲಿ ಏನೋ ಹೆಸರಿಟ್ಟಿದ್ದಳು. ಆದರೆ ಮಾಡಿದ್ದಕ್ಕೆಲ್ಲ ಕೊಂಕು ತೆಗೆಯುವ ಹೆಂಗಸಿನ ದನಿ ಕೇಳಿದ ಮೊದಲ ದಿನವೇ ಮೆಕ್ಯಾನಿಕ್ಕುಗಳು ಅದನ್ನು ಅತ್ತೆ ಅಂದರು. ಅದೇ ನಿಂತಿತು.

ಕೊಟ್ರೇಶಿ ಎಂಬ ಮೆಕ್ಯಾನಿಕ್ಕಿಗೆ ದಿನಾ ತೊಂಬತ್ತೆರಡು ಬೀಳುತ್ತಿತ್ತು. “ಅವ್ನ ಮನಸ್ಸು ಹೋಗಾಕೆ ಬ್ಯಾರೆ ಜಾಗ ಎಲ್ಲೈತೆ?” ಎಂದು ಉಳಿದವರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಎಲ್ಲರಿಗಿಂತ ಕೆಳಗೆ ಪಾಲಾಕ್ಷಪ್ಪ. ಅಲ್ಲಿ ಇಲ್ಲಿ ಸೇರಿ ಇಪ್ಪತ್ತೊಂಬತ್ತು ವರ್ಷದ ಸರ್ವಿಸ್ಸು, ಅವನ ಕೈಕೆಲಸದ ತಪ್ಪಿನಿಂದ ವಿಮಾನ ಒಂದೂ ಬಿದ್ದಿರಲಿಲ್ಲ. ‘ಹಾರಲು ಯೋಗ್ಯ’ ಎಂದು ಕೆತ್ತಿದ ಹಿತ್ತಾಳೆಯ ಮುದ್ರೆ ಆ ಹ್ಯಾಂಗರಿನಲ್ಲಿ ಇದ್ದದ್ದು ಅವನೊಬ್ಬನ ಜೇಬಿನಲ್ಲಿ. ಅವನು ಒತ್ತದೆ ಹಿರೇಮಟ್ಟಿಯಿಂದ ಗುಬ್ಬಿಯೂ ಹಾರುವುದಿಲ್ಲ ಎಂದು ಜನ ತಮಾಷೆ ಮಾಡುವರು. ಆದರೆ ಕೆಲಸ ಮಾಡುವಾಗ ಅವನು ಗುನುಗಬೇಕು, ಯಾರನ್ನಾದರೂ ಬೈಯಬೇಕು, ಹೋದ ವರ್ಷದ ಜಗಳ ನೆನೆಸಿಕೊಳ್ಳಬೇಕು. ಕೈ ತನ್ನ ಪಾಡಿಗೆ ತಾನು ದುಡಿಯುತ್ತಿತ್ತು.

ಒಂದೇ ಉದಾಹರಣೆ ಸಾಕು. ವಿಮಾನದ ಎರಡೂ ಕೆನ್ನೆಯ ಮೇಲೆ ಸಾಸಿವೆ ಗಾತ್ರದ ಮೂರು ಮೂರು ತೂತುಗಳಿರುತ್ತವೆ. ಎಷ್ಟು ಎತ್ತರದಲ್ಲಿದ್ದೇವೆ, ಏರುತ್ತಿದ್ದೇವೋ ಇಳಿಯುತ್ತಿದ್ದೇವೋ, ಎಷ್ಟು ವೇಗ ಎಂದು ಹೇಳುವ ಮೂರು ಗಡಿಯಾರಗಳೂ ಉಸಿರಾಡುವುದು ಆ ತೂತುಗಳಿಂದಲೇ. ಪಾಲಾಕ್ಷಪ್ಪ ದಿನಾ ಬೆಳಗ್ಗೆ ಅವನ್ನು ಮೆತ್ತನೆಯ ಬಟ್ಟೆಯಿಂದ ಒರೆಸುವನು. ಒರೆಸಿದೆನೆಂದು ಅವನಿಗೇ ನೆನಪಿರುತ್ತಿರಲಿಲ್ಲ. ಅತ್ತೆ ಆ ಕೆಲಸಕ್ಕೆ ನಲವತ್ತೊಂದು ಕೊಡುತ್ತಿದ್ದಳು.

“ನೋಡಿ ಪಾಲಾಕ್ಷಪ್ಪನವರೆ,” ವಾರಿಜಾ ತನ್ನ ಗಾಜಿನ ಕೋಣೆಗೆ ಕರೆಸಿ ಹೇಳಿದಳು, “ನಿಮ್ಮ ಸರಾಸರಿ ಅರವತ್ತಾರು ಉಂಟು. ವಿಜಯದಶಮಿಯ ಬೆಳಗ್ಗೆ ನಾನು ರಿಪೋರ್ಟು ಕಳಿಸ್ಬೇಕು. ಎಪ್ಪತ್ತು ಬಾರದಿದ್ರೆ ಮುದ್ರೆ ಕೊಟ್ರೇಶಿಗೆ. ನಿಮ್ಮನ್ನು ಲಗೇಜು ತೂಗುವಲ್ಲಿಗೆ ಹಾಕ್ತಾರಂತೆ.”

“ಲಗೇಜಾ?”

“ನಾನೆಂತ ಮಾಡುದು ಮಾರಾಯ್ರೆ? ಅದು ಕಂಪನಿಯ ರೂಲು.”

ಪಾಲಾಕ್ಷಪ್ಪ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಹೊರಗೆ ಬಂದ. ಮುದ್ರೆ ಹೋದರೆ ತಾನೇನು? ಗೌಡರ ಗೋಣಿಚೀಲ ಇಪ್ಪತ್ತು ಕಿಲೋ, ಅಜ್ಜಿಯ ಉಪ್ಪಿನಕಾಯಿ ಜಾಡಿ ನಾಲ್ಕು ಕಿಲೋ ಎಂದು ಕೂಗುವ ಮನುಷ್ಯ.

ಆ ಸೋಮವಾರ ಅವನು ಪಟ್ಟಿ ಬಿಚ್ಚದೆಯೇ ಮನೆಗೆ ಹೋದ, ಅಭ್ಯಾಸ ಮಾಡಬೇಕೆಂದು. ಜೋಳದ ರೊಟ್ಟಿ ಮುರಿಯುತ್ತ ಕೂತಾಗ ಹೆಂಡತಿ ಸರ್ವಮಂಗಳ ಎಣ್ಣೆಗಾಯಿ ಬಡಿಸುತ್ತ ಏನೋ ಹೇಳುತ್ತಿದ್ದಳು. ಅವನು ರೂಢಿಯಂತೆ ಹೂಂ ಅಂದ. ಇನ್ನೊಂದು ಸಲ ಹೂಂ ಅಂದ. ಮೂರನೆಯ ಹೂಂಗೆ ಹಣೆಯಿಂದ ದನಿ ಬಂತು.

“ಮನಸ್ಸು ಇಲ್ಲಿಲ್ಲ. ಹನ್ನೊಂದು.”

ಸರ್ವಮಂಗಳ ಸೌಟು ಹಿಡಿದುಕೊಂಡೇ ನಿಂತಳು. “ಏನಂತು ಅದು?”

“ಏನಿಲ್ಲ ಕಣೇ, ಬ್ಯಾಟರಿ ಹೋಗೈತೆ.”

“ಹನ್ನೊಂದು ಅಂತು. ನೂರಕ್ಕಾ?”

ಪಾಲಾಕ್ಷಪ್ಪ ಇನ್ನೊಂದು ತುಂಡು ರೊಟ್ಟಿ ಮುರಿದ.

“ಇಪ್ಪತ್ತೆಂಟು ವರ್ಷದಿಂದ ನನಗೆ ಅನುಮಾನ ಇತ್ತು ಕಣ್ರೀ! ನಾನೂ ಹೂಂ ಅಂತಾರಲ್ಲ, ಕೇಳಿಸ್ಕಂತಾರೆ ಅಂತ ಸುಮ್ನಿದ್ದೆ. ಗೋಡೆಗೆ ಹೇಳಿದ್ರೂ ಇಪ್ಪತ್ತು ಬರ್ತಿತ್ತೇನೋ. ಎಲ್ಲಿ, ಈಗ ನಾನೇನು ಹೇಳ್ದೆ ಹೇಳ್ರಿ ನೋಡಾಣ?”

“ಹಾಲಿನೋನು... ನೀರು ಬೆರೆಸ್ತಾನೆ ಅಂತ?”

“ಹಾಲಿನೋನು ಸತ್ತು ಎರಡು ವರ್ಷ ಆಯ್ತು! ಸರಿ ಬಿಡ್ರಿ. ಹೇಳಿದ್ದು ಹೇಳಾಯ್ತು. ಇನ್ನೊಂದು ಸಲ ಬಾಯಿ ಬಿಟ್ರೆ ನನ್ನ ಹೆಸರು ಸರ್ವಮಂಗಳ ಅಲ್ಲ.”

ಆಮೇಲೆ ಅವಳು ಮನೆಯಲ್ಲಿ ಉಪ್ಪು, ನೀರು, ಬಾಗಿಲು ಹಾಕಿ ಎಂಬಷ್ಟು ಮಾತ್ರ ಮಾತಾಡಿದಳು. ಪಾಲಾಕ್ಷಪ್ಪನಿಗೆ ಅದರಿಂದ ಇನ್ನೂ ನಾಲ್ಕು ಅಂಕ ಕಡಿಮೆಯಾಯಿತು.

ಮಹಾನವಮಿಯ ಮಧ್ಯಾಹ್ನ ಹ್ಯಾಂಗರಿನಲ್ಲಿ ಆಯುಧಪೂಜೆ. ಮೂರು ವಿಮಾನಗಳನ್ನು ತೊಳೆದು, ರೆಕ್ಕೆಗೆ ಚೆಂಡುಹೂವಿನ ಹಾರ ಹಾಕಿ, ಮೂತಿಗೆ ಮಾವಿನ ಸೊಪ್ಪು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದರು. ಪಟ್ಟಿಯಿಲ್ಲದೆ ವಿಮಾನವನ್ನು ಯಾರೂ ಮುಟ್ಟಕೂಡದೆಂಬ ರೂಲಿದ್ದುದರಿಂದ ಪೂಜೆಗೂ ಪಟ್ಟಿ ಕಟ್ಟಿಕೊಂಡೇ ನಿಂತರು. ಹಿರಿಯನೆಂದು ಚಿನ್ನಕ್ಕನ ಪೂಜೆ ಪ್ರತಿ ವರ್ಷವೂ ಪಾಲಾಕ್ಷಪ್ಪನದೇ. ಬೇರೆ ವರ್ಷಗಳಲ್ಲಿ ಅವನು ಕೊಟ್ರೇಶಿಯನ್ನು ಬೈಯುತ್ತ, ಮಂಡಕ್ಕಿ ಕಡಿಮೆ ಬಂತೆಂದು ಗೊಣಗುತ್ತ ವಿಭೂತಿ ಬಳಿಯುತ್ತಿದ್ದ. ಈ ವರ್ಷ ಹಾಗಲ್ಲ. ತಾಯಿ, ನಾಳೆ ಬೆಳಗ್ಗೆ ನನ್ನ ಮುದ್ರೆ ಹೋಗುತ್ತದೆ, ನೀನೇ ಗತಿ, ಎಂದು ಚಿನ್ನಕ್ಕನ ಮುಂದೆ ಕಣ್ಣಲ್ಲಿ ನೀರು ತಂದುಕೊಂಡ. ಗಟ್ಟಿಯಾಗಿ ಕಲಸಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಉಸಿರು ಬಿಗಿಹಿಡಿದು, ಕೆನ್ನೆಯ ಈ ತುದಿಯಿಂದ ಆ ತುದಿಗೆ ಎಳೆದ. ದಾರ ಹಿಡಿದು ಎಳೆದಂತೆ ಮೂರು ಪಟ್ಟೆ ಮೂಡಿತು.

“ನೂರು,” ಅಂದಳು ಅತ್ತೆ.

ಅತ್ತೆಯ ಬಾಯಲ್ಲಿ ಆ ಅಂಕಿಯನ್ನು ಯಾರೂ ಕೇಳಿರಲಿಲ್ಲ. ಪಾಲಾಕ್ಷಪ್ಪ ಇನ್ನೊಂದು ಕೆನ್ನೆಗೆ ಹೋದ. ನೂರು. ಪಟ್ಟೆಯ ನಡುವೆ ಕುಂಕುಮ ಇಟ್ಟ. ನೂರು. ರೆಕ್ಕೆಯ ಒಂದೊಂದು ರಿವೆಟ್ ಮೊಳೆಗೂ ಒಂದೊಂದು ಬೊಟ್ಟಿಡುತ್ತ ಹೋದ. ನೂರು, ನೂರು, ನೂರು. ಒಂದೊಂದು ಬೊಟ್ಟನ್ನೂ ಅತ್ತೆ ಒಂದೊಂದು ರಿಪೇರಿಯೆಂದು ಬರೆದುಕೊಂಡಳು. ಕುಂಕುಮದ ಬಟ್ಟಲು ಖಾಲಿಯಾಗುವ ಹೊತ್ತಿಗೆ ಸರಾಸರಿ ಎಪ್ಪತ್ತೆರಡು ಆಗಿತ್ತು.

“ಭಲೇ ಪಾಲಣ್ಣ!” ಎಂದು ಎಲ್ಲರೂ ಅವನನ್ನು ಎತ್ತಿಕೊಂಡರು. ಆ ಖುಷಿಯಲ್ಲಿ ಅವನು ಚಿನ್ನಕ್ಕನ ರಿಪೇರಿ ಪುಸ್ತಕದಲ್ಲಿ ‘ಹಾರಲು ಯೋಗ್ಯ’ ಎಂದು ಮುದ್ರೆ ಒತ್ತಿಯೂಬಿಟ್ಟ.

ವಿಜಯದಶಮಿಯ ಬೆಳಗ್ಗೆ ಹಸ್ತ ಮಳೆಯ ಮೋಡ ತಲೆಗೆ ತಾಗುವಷ್ಟು ಕೆಳಗಿತ್ತು. ಏಳು ಗಂಟೆಗೆ ಬಳ್ಳಾರಿಗೆ ಹೊರಡುವ ಚಿನ್ನಕ್ಕನನ್ನು ನಡೆಸುವವನು ಕೊಡಗಿನ ಕ್ಯಾಪ್ಟನ್ ಚೆಂಗಪ್ಪ. ಹಾರುವ ಮೊದಲು ವಿಮಾನದ ಸುತ್ತ ನಡೆದು, ತೂತು ತೂತನ್ನೂ ಕಣ್ಣಿಟ್ಟು ನೋಡುವುದು ಪೈಲಟ್ಟಿನ ಕೆಲಸ. ಚೆಂಗಪ್ಪ ಸುತ್ತ ನಡೆದ. ವಿಭೂತಿ ಬಳಿದ ಕೆನ್ನೆಯ ಮುಂದೆ ಬಂದಾಗ ಕಣ್ಣು ಬಿಟ್ಟು ನೋಡಬೇಕಾದಲ್ಲಿ ಕಣ್ಣು ಮುಚ್ಚಿ ಕೈಮುಗಿದ. ನಿಂಬೆಹಣ್ಣು ಚಪ್ಪಟೆಯಾಯಿತು, ಚಿನ್ನಕ್ಕ ಹಾರಿದಳು.

ಆ ಹೊತ್ತಿಗೆ ಪಾಲಾಕ್ಷಪ್ಪ ಕಂಟ್ರೋಲ್ ರೂಮಿನಲ್ಲಿದ್ದ. ವಾರಿಜಾ ಬೆಳಗಿನ ಒರೆಸುವ ಕೆಲಸಕ್ಕೂ ಮೊದಲೇ, ಆರಕ್ಕೇ, ಕರೆಸಿಕೊಂಡಿದ್ದಳು.

“ನೂರಕ್ಕೆ ನೂರು! ಎಂತ ಮಾಡಿದ್ರಿ ನೀವು? ಜಗತ್ತಿನಲ್ಲಿ ಯಾವ ಮೆಕ್ಯಾನಿಕ್ಕಿಗೂ ತೊಂಬತ್ತಾರರ ಮೇಲೆ ಬಂದದ್ದಿಲ್ಲ. ವಿಡಿಯೋ ಹಾಕ್ತೇನೆ, ನೀವು ಒಂದೊಂದೇ ವಿವರಿಸ್ಬೇಕು, ಆಯ್ತಾ? ರಿಪೋರ್ಟಿನ ಜೊತೆಗೇ ಕಳಿಸುವಾ.”

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಪಾಲಾಕ್ಷಪ್ಪನ ಕೈ ಕಾಣಿಸಿತು. ವಿಭೂತಿಯಲ್ಲಿ ಅದ್ದಿದ ಮೂರು ಬೆರಳು ಚಿನ್ನಕ್ಕನ ಕೆನ್ನೆಯ ಕಡೆ ಹೋಗುತ್ತಿತ್ತು. ಅವನಿಗೆ ಹೆಮ್ಮೆಯಿಂದ ಕುತ್ತಿಗೆ ನೆಟ್ಟಗಾಯಿತು.

ಅಷ್ಟರಲ್ಲಿ ಮೇಜಿನ ಮೇಲಿನ ರೇಡಿಯೋ ಕರಕರ ಅಂದಿತು.

“ಹಿರೇಮಟ್ಟಿ, ಚಿನ್ನಕ್ಕ ಮಾತಾಡ್ತಿದೀನಿ.” ಚೆಂಗಪ್ಪನ ದನಿ. “ನಾನು ಪೂರ್ತಿ ಮೋಡದ ಒಳಗಿದೀನಿ. ಎತ್ತರದ ಗಡಿಯಾರ ಇನ್ನೂ ನೆಲದ ಮೇಲೇ ಇದೀಯ ಅಂತಿದೆ. ವೇಗದ ಮುಳ್ಳೂ ತಪ್ಪು ತೋರಿಸ್ತಿದೆ. ಎಷ್ಟು ಮೇಲಿದೀನೋ ಗೊತ್ತಾಗ್ತಿಲ್ಲ. ಮುಂದೆ ಕರಡಿಗುಡ್ಡ ಇದೆ.”

ಉಪಗ್ರಹದಿಂದ ಎತ್ತರ ಹೇಳುವ ಪೆಟ್ಟಿಗೆ ಚಿನ್ನಕ್ಕನಲ್ಲಿ ಇತ್ತು. ಅದು ರಿಪೇರಿಗೆಂದು ಬೆಂಗಳೂರಿಗೆ ಹೋಗಿ ಎರಡು ತಿಂಗಳಾಗಿತ್ತು.

“ಅತ್ತೆಯ ಲೆಕ್ಕದಲ್ಲಿ ಚಿನ್ನಕ್ಕನಿಗೆ ಒಂದು ದೋಷವೂ ಇಲ್ಲ,” ವಾರಿಜಾ ಗಾಬರಿಯಲ್ಲಿ ಕಾಗದ ತಿರುವಿದಳು. “ಹಳೇ ಗಡಿಯಾರ ಅಲ್ವಾ, ಕೆಟ್ಟಿರ್ಬೇಕು.”

ಪಾಲಾಕ್ಷಪ್ಪ ಪರದೆಯನ್ನು ನೋಡುತ್ತಿದ್ದ. ಅಲ್ಲಿ ಅವನ ಬೆರಳು ನಿಧಾನವಾಗಿ, ಎಷ್ಟೊಂದು ಶ್ರದ್ಧೆಯಿಂದ, ಕೆನ್ನೆಯ ಮೇಲೆ ಸರಿಯಿತು. ಸಾಸಿವೆ ಗಾತ್ರದ ಮೂರು ತೂತು ಒಂದಾದ ಮೇಲೊಂದು ಬಿಳಿಯಾಗಿ ಮುಚ್ಚಿಹೋಯಿತು. “ನೂರು,” ಅಂದಳು ಪರದೆಯೊಳಗಿನ ಅತ್ತೆ.

ಪ್ರತಿ ವರ್ಷ ಕೊಟ್ರೇಶಿಯನ್ನು ಬೈಯುತ್ತ ವಿಭೂತಿ ಬಳಿಯುವಾಗ ಅವನ ಬೆರಳು ಆ ತೂತುಗಳ ಹತ್ತಿರ ಬಂದೊಡನೆ ತಾನಾಗಿ ಮೇಲಕ್ಕೆದ್ದು, ದಾಟಿ, ಆಚೆ ಇಳಿಯುತ್ತಿತ್ತು. ನಿನ್ನೆ ಮಾತ್ರ ಮನಸ್ಸು ಬೆರಳಿನ ಮೇಲೇ ಹತ್ತಿ ಕೂತಿತ್ತು. ಪಟ್ಟೆ ನೆಟ್ಟಗೆ ಬರಲಿ ಎಂದಿತು. ಪಟ್ಟೆ ನೆಟ್ಟಗೆ ಬಂತು.

ಈ ವಿಡಿಯೋ ನೋಡಿದವರು ಇಬ್ಬರೇ, ಅವರಲ್ಲಿ ಒಬ್ಬಳಿಗೆ ತೂತುಗಳ ಸಂಗತಿ ಗೊತ್ತಿಲ್ಲ. ಸುಮ್ಮನಿದ್ದರೆ ಹಳೆಯ ಗಡಿಯಾರದ ತಲೆಗೆ ಬರುತ್ತದೆ. ಜೇಬಿನಲ್ಲಿ ಮುದ್ರೆ ಭಾರವಾಗಿ ತೂಗಿತು. ಪಾಲಾಕ್ಷಪ್ಪ ಒಂದು ಸಲ ಅದರ ಮೇಲೆ ಕೈಯಿಟ್ಟ, ಆಮೇಲೆ ಅದೇ ಕೈಯಿಂದ ಮೈಕು ಕಿತ್ತುಕೊಂಡ.

“ಕ್ಯಾಪ್ಟನ್ರೇ, ಗಡಿಯಾರ ಕೆಟ್ಟಿಲ್ಲ. ತಪ್ಪು ನಂದು. ನಿನ್ನೆ ಪೂಜೆಯಾಗೆ ನಾನೇ ಎರಡೂ ಕಡೆ ಉಸಿರಾಡೋ ತೂತಿಗೆ ವಿಭೂತಿ ಮೆತ್ತಿದೀನಿ. ನಾ ಹೇಳ್ದಂಗೆ ಮಾಡ್ರಿ. ಏರಿಳಿತ ತೋರಿಸೋ ಗಡಿಯಾರದ ಗಾಜು ಒಡೀರಿ. ಮೂರಕ್ಕೂ ಒಂದೇ ಕೊಳವೆ. ಒಳಗಿನ ಗಾಳಿ ಅದಕ್ಕೆ ಹೋದ್ರೆ ಮೂರೂ ಉಸಿರಾಡ್ತವೆ.”

“ಎರಡೂ ಕೈ ಬಿಡೋ ಹಾಗಿಲ್ಲ ಪಾಲಾಕ್ಷಪ್ಪ, ಸಿಕ್ಕಾಪಟ್ಟೆ ಅಲ್ಲಾಡ್ತಿದೆ! ಪಕ್ಕದ ಸೀಟಲ್ಲಿ ಒಬ್ಬರು ತಾಯಿ ಇದಾರೆ. ತೆಂಗಿನಕಾಯಿ ಇಟ್ಕೊಂಡಿದಾರೆ.”

“ಅವರ ಕೈಲೇ ಒಡೆಸ್ರಿ! ಅವರಿಗೆ ಕೊಡ್ರಿ, ನಾನು ಹೇಳ್ತೀನಿ.”

ಕರಕರ ಸದ್ದು. ಆಮೇಲೆ ಒಂದು ದನಿ.

“ರೀ, ನಾನು ಕಣ್ರೀ.”

“ನಾನು ಅಂದ್ರೆ ಯಾರು?”

“ಯಾರು ಅಂದ್ರೆ? ನಿಮ್ಮ ಹೆಂಡ್ತಿ!”

ಪಾಲಾಕ್ಷಪ್ಪ ಎರಡೂ ಕೈಯಲ್ಲಿ ಮೈಕು ಹಿಡಿದುಕೊಂಡ. “ನೀ... ನೀ ಅಲ್ಲಿ ಯಾಕಿದೀಯೇ ಮಂಗಳಾ?”

“ಸೋಮವಾರ ಹೇಳ್ಲಿಲ್ವಾ? ಬಳ್ಳಾರಿ ಅಕ್ಕನ ಮಗಳ ಸೀಮಂತ, ದಶಮಿ ದಿನ ಮೊದಲನೇ ವಿಮಾನಕ್ಕೆ ಹೋಗ್ತೀನಿ ಅಂತ? ಹನ್ನೊಂದು ಬಂತಲ್ಲ, ಅವಾಗ!”

“ಆಯ್ತು, ಆಯ್ತು, ನನ್ನ ತಪ್ಪು, ಎಲ್ಲಾ ನನ್ನ ತಪ್ಪು! ಈಗ ಕೇಳಿಸ್ಕ. ನಿನ್ನ ಮುಂದೆ ಗಡಿಯಾರ ಕಾಣ್ತಾವಾ?”

“ಅಂಗಡಿನೇ ಐತೆ. ಯಾವ್ದು?”

“ಕ್ಯಾಪ್ಟನ್ ಮುಂದೆ ಎರಡು ಸಾಲು ಅದಾವೆ. ಮೇಲಿಂದು ಬಿಡು. ಕೆಳಗಿನ ಸಾಲಾಗೆ ನಿನ್ನ ಕಡೆ ಕೊನೇದು. ಗಾಜಿನ ಮೇಲೆ ಒಂದು ಗೀಚು ಐತೆ, ನಮ್ಮ ಅಡುಗೆಮನೆ ಗಡಿಯಾರಕ್ಕೆ ಇದ್ದಂಗೆ. ಸಿಕ್ತಾ?”

“ಸಿಕ್ತು.”

“ಕಾಯಿ ತಗಂಡು ಕುಟ್ಟು.”

“ಇದು ಮಡಿಲು ತುಂಬೋ ಕಾಯಿ ಕಣ್ರೀ! ಒಡೆದ್ರೆ ಅಪಶಕುನ.”

“ಕಾಯಿ ಒಡೀಬ್ಯಾಡ ಮಾರಾಯ್ತಿ, ಗಾಜು ಒಡಿ!”

ಒಂದು ಏಟಿನ ಸದ್ದು ಬಂತು. ಇನ್ನೊಂದು. ಮೂರನೆಯದಕ್ಕೆ ಫಟ್ಟೆಂದಿತು, ಹಿಂದೆಯೇ ಚೆಂಗಪ್ಪ ಕೆಮ್ಮಿದ. ಗಾಜೂ ಒಡೆದಿತ್ತು, ಕಾಯಿಯೂ ಒಡೆದಿತ್ತು. ಕಾಯಿಯ ನೀರು ಅವನ ಮುಖಕ್ಕೆ ಅಭಿಷೇಕವಾಗಿತ್ತು.

“ಮುಳ್ಳು ಎದ್ದಿತು!” ಚೆಂಗಪ್ಪ ಕೂಗಿದ. “ಐದು ಸಾವಿರದ ಮುನ್ನೂರು ಅಡಿ! ವೇಗನೂ ಸರಿಹೋಯ್ತು. ಗುಡ್ಡದ ಮೇಲೆ ಧಾರಾಳ ಜಾಗ ಇದೆ. ಮೋಡ ದಾಟ್ತಿದೀನಿ... ಅಬ್ಬಾ, ಬಿಸಿಲು!”

ಪಾಲಾಕ್ಷಪ್ಪ ಕೂತುಬಿಟ್ಟ. ಅಷ್ಟು ಹೊತ್ತೂ ಅತ್ತೆ ಹಣೆಯ ಮೇಲಿಂದ ಏನೋ ಒಂದೇ ಸಮ ಅರಚುತ್ತಿದ್ದಳು. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇರಲಿಲ್ಲ. ಅವನು ಜೇಬಿಗೆ ಕೈಹಾಕಿ ಹಿತ್ತಾಳೆಯ ಮುದ್ರೆಯನ್ನು ತೆಗೆದು, ಪ್ಯಾಂಟಿಗೆ ಒರೆಸಿ, ವಾರಿಜಾಳ ಮುಂದಿಟ್ಟ.

“ಸರಾಸರಿ ಎಪ್ಪತ್ತೆರಡು ಉಂಟಲ್ಲ ಪಾಲಾಕ್ಷಪ್ಪನವರೆ,” ಅಂದಳು ಅವಳು.

“ಅದೇ ಮೇಡಂ ತಪ್ಪಾಗಿದ್ದು.”

ಕಂಪನಿ ಅವನ ಮುದ್ರೆಯನ್ನು ಆರು ತಿಂಗಳು ಬೀರುವಿನಲ್ಲಿಟ್ಟು ಬೀಗ ಹಾಕಿತು. ಅಲ್ಲಿಯವರೆಗೆ ಅವನಿಗೆ ಲಗೇಜಿನ ತಕ್ಕಡಿ, ಮುದ್ರೆ ಒತ್ತಲು ಬಳ್ಳಾರಿಯಿಂದ ಬೇರೊಬ್ಬ ಬಂದು ಹೋಗುತ್ತಿದ್ದ. ಕೊಟ್ರೇಶಿಗೆ ಮುದ್ರೆ ಕೊಡುವ ಮಾತನ್ನು ವಾರಿಜಾಳೇ ತಡೆದಳು. ಕಳಿಸಬೇಕಾದ ರಿಪೋರ್ಟನ್ನು ಹರಿದು, ಹೊಸದೊಂದು ಬರೆದಳು: ಮನಸ್ಸು ಕೈಯ ಮೇಲಿತ್ತೇ ಎಂದು ಅಳೆಯಲು ತನಗೆ ಬರುತ್ತದೆ, ಇರಬೇಕಾದ ಕಡೆ ಇತ್ತೇ ಎಂದು ಅಳೆಯಲು ಇನ್ನೂ ಬರುವುದಿಲ್ಲ. ಅದಕ್ಕೆ ಅಂಕ ಸಿಗುವವರೆಗೆ ಸ್ಪ್ಯಾನರ್ ಸಡಿಲವಾಗುವುದು ಬೇಡ. ಇನ್ನು ಪೂಜೆಗೆ ಮೊದಲು ತೂತುಗಳಿಗೆ ಕೆಂಪು ಬಿರಡೆ ಹಾಕಿ, ಹಾರುವ ಮೊದಲು ತೆಗೆಯಬೇಕು, ಪೈಲಟ್ಟು ಕೈಮುಗಿಯುವಾಗ ಕಣ್ಣು ಬಿಟ್ಟಿರಬೇಕು.

ಸರ್ವಮಂಗಳ ಬಳ್ಳಾರಿಯಲ್ಲಿ ಬೇರೆ ಕಾಯಿ ಕೊಂಡು, ಸೀಮಂತ ಮುಗಿಸಿ, ಮಾರನೆಯ ದಿನ ಬಸ್ಸಿನಲ್ಲಿ ವಾಪಸು ಬಂದಳು. ಚೀಲ ಇಳಿಸಿದವಳು ಗಂಡನ ಖಾಲಿ ಜೇಬನ್ನು ನೋಡಿದಳು. ನೀರು ಕುಡಿದು ಕೂತ ಮೇಲೆ ಕೇಳಿದಳು: “ರೇಡಿಯೋದಾಗೆ ನನ್ನ ಹತ್ರ ಮಾತಾಡುವಾಗ ಆ ಪಟ್ಟಿ ಕಟ್ಕಂಡಿದ್ರಾ?”

“ಹೂಂ. ಡ್ಯೂಟಿಯಾಗೆ ಬಿಚ್ಚಂಗಿಲ್ವಲ್ಲ.”

“ಎಷ್ಟು ಬಂತು?”

ಪಾಲಾಕ್ಷಪ್ಪ ತಲೆ ಕೆರೆದುಕೊಂಡ. ಆಮೇಲೆ ವಾರಿಜಾ ಕೊಟ್ಟಿದ್ದ ಚೀಟಿಯನ್ನು ತೆಗೆದು ಅವಳ ಮುಂದಿಟ್ಟ. ಅದರಲ್ಲಿ ಮೇಲಿಂದ ಕೆಳಗೆ ಒಂದೇ ಸಾಲು ಹನ್ನೆರಡು ಸಲ ಅಚ್ಚಾಗಿತ್ತು: ಮನಸ್ಸು ಇಲ್ಲಿಲ್ಲ, ಸೊನ್ನೆ. ಮನಸ್ಸು ಇಲ್ಲಿಲ್ಲ, ಸೊನ್ನೆ.

ಸರ್ವಮಂಗಳ ಚೀಟಿಯನ್ನು ಎರಡು ಸಲ ಓದಿದಳು. “ಹನ್ನೊಂದೂ ಹೋಯ್ತಾ?”

“ಅದಕ್ಕೆ ಕೈಲಿರೋ ಮೈಕು ಒಂದೇ ಕಾಣೋದಂತೆ ಕಣೇ. ಮನಸ್ಸು ಆ ರೂಮಿನಾಗೇ ಇರಲಿಲ್ಲ ಅಂದ್ರು ಮೇಡಂ.”

“ಮತ್ತೆಲ್ಲಿತ್ತಂತೆ?”

“ಚಿನ್ನಕ್ಕನ ಮುಂದಿನ ಸೀಟಿನಾಗೆ,” ಅಂದ.

ಸರ್ವಮಂಗಳ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು, ಚೀಟಿಯನ್ನು ಅಡುಗೆಮನೆಯ ಗೀಚು ಬಿದ್ದ ಗಡಿಯಾರದ ಕೆಳಗೆ ಮೊಳೆಗೆ ಸಿಕ್ಕಿಸಿದಳು. ಮಂಡಕ್ಕಿಗೆ ಒಗ್ಗರಣೆ ಹಾಕುತ್ತ ಸೀಮಂತದ ಕಥೆ ತೆಗೆದಳು. ಯಾರು ಬಂದರು, ಯಾರು ಮುನಿಸಿಕೊಂಡರು, ಬಸುರಿ ಉಟ್ಟ ಸೀರೆಗೆ ಯಾವ ಅಂಚು. ಒಂದು ಗಂಟೆ ಹೇಳಿ, ತಟ್ಟನೆ ನಿಲ್ಲಿಸಿ, “ಈಗ ನಾನೇನು ಹೇಳ್ದೆ ಹೇಳ್ರಿ ನೋಡಾಣ?” ಅಂದಳು.

ಪಾಲಾಕ್ಷಪ್ಪ ಹೇಳಿದ. ಸೀರೆಯ ಅಂಚಿನ ಬಣ್ಣ ಸಮೇತ ಎಲ್ಲವನ್ನೂ ಹೇಳಿದ. ಹಣೆಯ ಮೇಲೆ ಪಟ್ಟಿ ಇರಲಿಲ್ಲ, ಹಾಗಾಗಿ ಎಷ್ಟು ಬಂತೆಂದು ಯಾರಿಗೂ ಗೊತ್ತಾಗಲಿಲ್ಲ.